ನಳಿಗೆಯ ಕೊನೆಯ ಎರಡು ಬೆರಳು

ದಾಸನಕೊಪ್ಪದಲ್ಲಿ ಯಾರಾದರೂ, "ಅಷ್ಟು ವರ್ಷ ಉತ್ತರದಾಗ ಏನ್ ಕೆಲಸ ಮಾಡ್ತಿದ್ದಿ ಗಂಗಕ್ಕಾ?" ಎಂದು ಕೇಳಿದರೆ ಗಂಗಾಂಬಿಕಾ ಇದ್ದುದನ್ನು ಇದ್ದ ಹಾಗೇ ಹೇಳುತ್ತಿದ್ದಳು. "ತೂತು ನೋಡೂ ಕೆಲಸ." ಕೇಳಿದವರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಅವಳೂ ಒಂದಿಷ್ಟು ನಗುತ್ತಿದ್ದಳು. ಆಮೇಲೆ ಮಾತು ಮೆಕ್ಕೆಜೋಳಕ್ಕೋ, ಯಾರದೋ ಮಗಳ ಮದುವೆಗೋ ಹೊರಳುತ್ತಿತ್ತು. ಯಾವ ತೂತು, ಅದರಲ್ಲಿ ನೋಡುವುದೇನು ಎಂದು ಎರಡನೇ ಪ್ರಶ್ನೆ ಕೇಳಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಅವಳು ನೋಡಿದ್ದು ಬಂದೂಕಿನ ನಳಿಗೆಗಳನ್ನು. ಇಪ್ಪತ್ತನೇ ವಯಸ್ಸಿಗೆ ಮದುವೆಯಾಗಿ ಗಂಡ ಆನಂದನ ಹಿಂದೆ ಉತ್ತರದ ಒಂದು ಊರಿಗೆ ಹೋದವಳು ಅವಳು. ಆನಂದ ಅಲ್ಲಿಯ ರೈಫಲ್ ಕಾರ್ಖಾನೆಯಲ್ಲಿ ಫಿಟ್ಟರ್. ಹತ್ತು ವರ್ಷ ಸಂಸಾರ ಮಾಡಿದರು, ಮಕ್ಕಳಾಗಲಿಲ್ಲ. ಒಂದು ಬೇಸಿಗೆಯಲ್ಲಿ ಕಾಮಾಲೆ ಹತ್ತಿ ಎಂಟೇ ದಿನಕ್ಕೆ ಆನಂದ ಹೋಗಿಬಿಟ್ಟ. ಅವನ ನೌಕರಿಯ ಬದಲಿಗೆ ಕಾರ್ಖಾನೆ ಅವಳಿಗೊಂದು ಕೆಲಸ ಕೊಟ್ಟಿತು. ನಳಿಗೆ ತಪಾಸಣೆಯ ಕೋಣೆಯಲ್ಲಿ ಎಣ್ಣೆ ಒರೆಸುವ ಕೆಲಸ.

ಆ ಕೋಣೆಯಲ್ಲಿ ರಾಮ ಮಿಸ್ತ್ರಿ ಎಂಬ ಹಿರಿಯ ತಪಾಸಣೆಗಾರ ಇದ್ದ. ಕಿಟಕಿಗೆ ಅಡ್ಡ ಒಂದು ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಅದರತ್ತ ನಳಿಗೆ ಎತ್ತಿ ಹಿಡಿದು ಒಂದು ಕಣ್ಣಿನಿಂದ ನೋಡುತ್ತಿದ್ದ. ಪಟ್ಟಿಯ ನೆರಳು ನಳಿಗೆಯೊಳಗೆ ಎರಡು ಗೆರೆಯಾಗಿ ಹರಿಯುತ್ತದೆ. ಗೆರೆ ನೆಟ್ಟಗೆ ಹರಿದರೆ ನಳಿಗೆ ನೆಟ್ಟಗಿದೆ. ನಡುವೆ ಎಲ್ಲಾದರೂ ಗೆರೆ ಮುರಿದರೆ ಅಲ್ಲಿ ಬಾಗಿದೆ. ಕೂದಲೆಳೆಯಷ್ಟು ಬಾಗಿದ್ದರೂ ಗೊತ್ತಾಗುತ್ತದೆ, ನೋಡುವ ಕಣ್ಣು ಬೇಕು, ಅಷ್ಟೇ. ಒಂದು ದಿನ ಗಂಗಾಂಬಿಕಾ ಎಣ್ಣೆ ಒರೆಸುತ್ತ ತನ್ನಷ್ಟಕ್ಕೆ ಒಂದು ನಳಿಗೆಯನ್ನು ಎತ್ತಿ ನೋಡಿ ಬೇರೆ ಇಟ್ಟಳು. ರಾಮ ಮಿಸ್ತ್ರಿ ಅದನ್ನೇ ತೆಗೆದು ನೋಡಿದ. ಬಾಗಿತ್ತು. ಮರುದಿನದಿಂದ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಅವನು ನಿವೃತ್ತನಾದಾಗ ಆ ಕುರ್ಚಿಯಲ್ಲಿ ಅವಳು ಕೂತಳು. ಪಕ್ಕದ ಮೇಜಿನಲ್ಲಿ ವಿನೋದಾ ಎಂಬ ಮರಾಠಿ ಹೆಂಗಸು, ವಾರಿಗೆಯವಳು, ಅಳತೆ ತೆಗೆದು ಬರೆದುಕೊಳ್ಳುತ್ತಿದ್ದಳು. ಇಬ್ಬರೂ ಡಬ್ಬಿ ಹಂಚಿಕೊಂಡು ಉಣ್ಣುತ್ತಿದ್ದರು. ಹಾಗೆ ಮೂವತ್ತು ವರ್ಷ ಆಗಿಹೋಯಿತು.

ನಿವೃತ್ತಿಯ ನಂತರ ದಾಸನಕೊಪ್ಪಕ್ಕೆ ಬಂದಳು. ತಮ್ಮನ ಮನೆಯಲ್ಲಿ ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಆದರೆ ಅವಳು ಅಡುಗೆಮನೆಗೆ ಬಂದರೆ ಹೆಂಗಸರ ಮಾತು ನಿಲ್ಲುತ್ತಿತ್ತು, ಪಡಸಾಲೆಗೆ ಬಂದರೆ ಗಂಡಸರು ನೆಟ್ಟಗೆ ಕೂರುತ್ತಿದ್ದರು. ಬಂದ ಬೀಗರಿಗೆ ಕೊಡುವ ಮರ್ಯಾದೆ ಅದು. ಮನೆಮಗಳಿಗೆ ಯಾರು ಹಾಗೆ ಮಾಡುತ್ತಾರೆ? ನಾಲ್ಕು ತಿಂಗಳು ನೋಡಿ, ಶಿರಸಿಯ ಯಲ್ಲಾಪುರ ನಾಕಾದ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಳು. "ಪೇಟ್ಯಾಗ ಇದ್ರ ದವಾಖಾನಿ ಸಮೀಪ," ಎಂದು ತಮ್ಮನಿಗೆ ಹೇಳಿದಳು. ಅವನು ಬೇಡ ಅನ್ನಲಿಲ್ಲ.

ಅಲ್ಲಿಂದ ನಾಲ್ಕು ಮಾರು ದೂರಕ್ಕೆ ರವೀಂದ್ರನ ಬಂದೂಕು ರಿಪೇರಿ ಅಂಗಡಿ. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೋವಿಗಳು ಸುತ್ತಲಿನ ಮೂರು ತಾಲೂಕಿನಿಂದ ಅಲ್ಲಿಗೇ ಬರುತ್ತಿದ್ದವು. ರವೀಂದ್ರ ತಂದೆ ಶಿವಪುತ್ರಪ್ಪನಿಂದ ಕಸುಬು ಕಲಿತವನು. ತಂದೆ ತೀರಿಕೊಂಡ ಮೇಲೆ ಒಬ್ಬನೇ ನಡೆಸುತ್ತಿದ್ದ. ಲೋಹ ಹೆರೆಯುವ ಲೇತಿನ ಕೆಲಸದಲ್ಲಿ ಕೈ ಚುರುಕು, ಮಾತಿನಲ್ಲಿ ತುಸು ಜೋರು. ಗಂಗಾಂಬಿಕಾ ಒಂದು ಸಂಜೆ ಹಾಲು ತರಲು ಹೋದವಳು ಎಣ್ಣೆಯ ವಾಸನೆಗೆ ಕಾಲು ನಿಂತು, ಅಂಗಡಿಯೊಳಗೆ ಬಂದುಬಿಟ್ಟಳು. ಮೇಜಿನ ಮೇಲಿದ್ದ ಜೋಡು ನಳಿಗೆಯನ್ನು ಕೇಳದೆಯೇ ಎತ್ತಿ ಬಾಗಿಲಿನತ್ತ ಹಿಡಿದು ನೋಡಿದಳು.

"ಏನ್ ನೋಡ್ತೀರವ್ವಾ?" ಎಂದು ರವೀಂದ್ರ ನಕ್ಕ.

"ಬಲಗಡೀದು ತುದಿಯಿಂದ ಒಂದು ಗೇಣಿನ ಮ್ಯಾಲ ನೆಗ್ಗೈತಿ. ಎಲ್ಲೋ ಬಿದ್ದಿರಬೇಕು."

ಅವನು ಅಳತೆಯ ಸಲಾಕೆ ಹಾಕಿ ನೋಡಿದ. ಒಂದು ಗೇಣಿಗೆ ಸಲಾಕೆ ಸಿಕ್ಕಿಕೊಂಡಿತು. ಅಂದಿನಿಂದ ಅವಳಿಗೆ ಆ ಅಂಗಡಿಯ ಕಿಟಕಿಯ ಪಕ್ಕದಲ್ಲಿ ಒಂದು ಸ್ಟೂಲು. ಬಂದ ಗಿರಾಕಿಗಳು ಅವಳನ್ನು ರವೀಂದ್ರನ ಅತ್ತೆಯೋ ದೊಡ್ಡಮ್ಮನೋ ಇರಬೇಕೆಂದು ತಿಳಿಯುತ್ತಿದ್ದರು. ಅವಳು ನೋಡಿ ಸಣ್ಣಗೆ ಹೇಳುತ್ತಿದ್ದಳು, ಅವನು ಅದನ್ನು ಗಿರಾಕಿಗೆ ದೊಡ್ಡದಾಗಿ ಹೇಳುತ್ತಿದ್ದ. ಅವಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಕಾರ್ಖಾನೆಯಲ್ಲೂ ಅವಳ ಹೆಸರು ಎಲ್ಲಿಯೂ ಬರುತ್ತಿರಲಿಲ್ಲ.

ಲೋಕಸಭೆ ಚುನಾವಣೆ ಮುಗಿದ ವರ್ಷ ಅದು. ಚುನಾವಣೆಗೆಂದು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿದ್ದ ಕೋವಿಗಳೆಲ್ಲ ಹಿಂದಕ್ಕೆ ಬಂದು, ಒಳಗೆ ತುಕ್ಕು ಹಿಡಿದು, ಅಂಗಡಿಯಲ್ಲಿ ಸಾಲಾಗಿ ನಿಂತಿದ್ದವು. ಅಂಥ ಒಂದು ಬೆಳಿಗ್ಗೆ ಬಿಳಗಿಯಿಂದ ಅನುಶ್ರೀ ಬಂದಳು. ಇಪ್ಪತ್ತೈದರ ಹುಡುಗಿ, ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಗುರಿ ಹೊಡೆಯುವುದನ್ನು ಕಲಿತವಳು, ಈಗ ಪಾಯಿಂಟ್ ಟೂ ಟೂ ಎಂಬ ಸಣ್ಣ ಗುಂಡಿನ ರೈಫಲ್ಲಿನಲ್ಲಿ ರಾಜ್ಯಮಟ್ಟಕ್ಕೆ ಹೋಗಿ ಬಂದಿದ್ದಳು. ಚಾಪೆಯ ಮೇಲೆ ಬೋರಲು ಮಲಗಿ ಐವತ್ತು ಮೀಟರು ದೂರದ ಕಾಗದಕ್ಕೆ ಹೊಡೆಯುವ ಸ್ಪರ್ಧೆ ಅವಳದು. ಅವಳ ಜೊತೆ ಉದ್ದನೆಯ ಪೆಟ್ಟಿಗೆ ಹಿಡಿದುಕೊಂಡು ತಂದೆ ಮಾಸ್ತಿ ನಾಯ್ಕರು ಬಂದಿದ್ದರು.

ಪೆಟ್ಟಿಗೆಯಲ್ಲಿ ರೈಫಲ್ಲು, ಅದಕ್ಕೆ ಎರಡು ನಳಿಗೆ. ಒಂದು ರೈಫಲ್ಲಿನ ಜೊತೆ ಕಂಪನಿಯಿಂದಲೇ ಬಂದದ್ದು. ಇನ್ನೊಂದು, ಹೊರದೇಶದಲ್ಲಿ ನಳಿಗೆಯನ್ನಷ್ಟೇ ಮಾಡುವ ಒಬ್ಬ ಕಸುಬುದಾರನಿಗೆ ಹೇಳಿ ಮಾಡಿಸಿ, ಅವಳ ರೈಫಲ್ ಕ್ಲಬ್ಬಿನ ಮೂಲಕ ಪರವಾನಗಿ ತೆಗೆದು ತರಿಸಿದ್ದು. ಅದು ಬಂದು ಒಂದು ವರ್ಷವಾಗಿತ್ತು.

"ಹೊಸದು ಹಾಕಿದ್ಮೇಲೆ ನನ್ ಗುರಿ ಮತ್ತೂ ಹಾಳಾಯ್ತು," ಎಂದಳು ಅನುಶ್ರೀ. ಅವಳು ರವೀಂದ್ರನತ್ತ ನೋಡಿ ಮಾತಾಡುತ್ತಿದ್ದಳು. "ಒಂಬತ್ತು ಗುಂಡು ಒಂದೇ ಕಡೆ ಹೋಗ್ತದೆ, ಹತ್ತನೇದು ಎಲ್ಲೋ ಹಾರ್ತದೆ. ನಂಗೆ ಉಸಿರು ಹಿಡಿಯೂದೇ ಬರೂದಿಲ್ಲ ಅಂದ್ರು ಕೋಚು. ಬೆಳಿಗ್ಗೆ ಐದಕ್ಕೆ ಎದ್ದು ಉಸಿರಿಂದೇ ಅಭ್ಯಾಸ ಮಾಡ್ದೆ. ಚಾ ಬಿಟ್ಟೆ. ಮೊನ್ನೆ ಸೆಲೆಕ್ಷನ್ನೂ ಹೋಯ್ತು. ಇನ್ನು ಈ ಆಟವೇ ಬಿಡೂದು ಅಂತ ಮಾಡಿದೀನಿ. ಬಿಡೂಕೆ ಮುಂಚೆ ಒಂದ್ಸಲ ಯಾರಾದ್ರೂ ಈ ಎರಡನ್ನೂ ಸಮ ನೋಡಿ ಹೇಳ್ಲಿ. ಯಾವುದು ಒಳ್ಳೇದು? ಇಲ್ಲ, ನಾನೇ ಸರಿ ಇಲ್ವಾ?"

"ಬಿಟ್ಟು ಹೋಗ್ರಿ. ನಾಡಿದ್ದು ಬರ್ರಿ," ಎಂದು ರವೀಂದ್ರ ಪೆಟ್ಟಿಗೆ ತೆಗೆದಿಟ್ಟುಕೊಂಡ.

ಗಂಗಾಂಬಿಕಾ ಆಗಲೇ ಹೊರದೇಶದ ನಳಿಗೆಯ ತುದಿಯನ್ನು ನೋಡಿದ್ದಳು. ಆ ನಳಿಗೆ ಅವಳಿಗೆ ಗೊತ್ತಿತ್ತು. ಹೋದ ವರ್ಷ ಅದು ಹೊಸದಾಗಿ ಬಂದಾಗ, ಗುರಿ ನೋಡುವ ಮುಂದಿನ ಸೈಟನ್ನು ಅದಕ್ಕೆ ಕೂರಿಸಲು ಇದೇ ಅಂಗಡಿಗೆ ತಂದಿದ್ದರು. ಸೈಟಿನ ಬಳೆ ಸಣ್ಣದು, ಹೊಸ ನಳಿಗೆ ದಪ್ಪ. ರವೀಂದ್ರ ನಳಿಗೆಯನ್ನು ಲೇತಿಗೆ ಹಾಕಿ, ತುದಿಯ ಎರಡು ಬೆರಳಿನಷ್ಟು ಜಾಗವನ್ನು ಹೊರಗಿನಿಂದ ಹೆರೆದು ಸಣ್ಣ ಮಾಡಿ, ಬಳೆ ಕೂರಿಸಿದ್ದ. ಅವಳು ಇದೇ ಸ್ಟೂಲಿನ ಮೇಲೆ ಕೂತು ನೋಡಿದ್ದಳು. ರಾಮ ಮಿಸ್ತ್ರಿ ಹೇಳುತ್ತಿದ್ದ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು: ಮೊದಲು ಹೊರಮೈ ಕೆಲಸವೆಲ್ಲ ಮುಗಿಸಬೇಕು, ಒಳಗಿನದು ಕಟ್ಟಕಡೆಗೆ, ಒಳಗೆ ತೀಡಿ ಮುಗಿಸಿದ ಮೇಲೆ ಹೊರಗೆ ಹೆರೆದರೆ ಉಕ್ಕಿನ ಬಿಗಿ ಸಡಿಲಿ ಒಳಗೆ ತೂತು ಅಗಲವಾಗುತ್ತದೆ. ಆದರೆ ಅಂದು ಅವಳನ್ನು ಯಾರೂ ಕೇಳಿರಲಿಲ್ಲ. ಅಂಗಡಿ ಅವನದು. ಕೂರಲು ಜಾಗ ಕೊಟ್ಟವನು ಅವನು. ಎದ್ದು ಹೋಗು ಎಂದರೆ ಮತ್ತೆ ಎಲ್ಲಿಗೆ ಹೋಗುವುದು? ಅವಳು ಬಾಯಿ ಮುಚ್ಚಿಕೊಂಡು, ಏನೂ ಆಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಮಧ್ಯಾಹ್ನ ರವೀಂದ್ರ ಊಟಕ್ಕೆ ಮನೆಗೆ ಹೋದ. ಅವಳು ಕೈ ತೊಳೆದು ಎರಡೂ ನಳಿಗೆ ತೆಗೆದಳು.

ಮೊದಲು ಕಣ್ಣಿಂದ ನೋಡಿದಳು. ಕಂಪನಿಯ ನಳಿಗೆಯೊಳಗೆ, ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ಮೇಲೆ ಅಡ್ಡಡ್ಡ ಸಣ್ಣ ಗೀರು, ಸಲಿಕೆಯಿಂದ ಕೆರೆದ ನೆಲದ ಹಾಗೆ. ದಿನಕ್ಕೆ ನೂರಾರು ಹೊರಬೀಳುವ ಕಡೆ ಯಾರು ಕೂತು ಒಂದೊಂದನ್ನೂ ತೀಡುತ್ತಾರೆ? ಆದರೂ ನೆಟ್ಟಗಿತ್ತು. ಆಮೇಲೆ ಮಾಡಿಸಿದ ನಳಿಗೆಯನ್ನು ಎತ್ತಿದಳು. ಒಂದು ಗೀರಿಲ್ಲ. ಬೆಳಕು ಒಳಗೆ ಬಾವಿಯ ನೀರಿನ ಹಾಗೆ ನಿಂತಿತ್ತು. ಎಲ್ಲೋ ಸಮುದ್ರದಾಚೆ ಒಬ್ಬ ಮನುಷ್ಯ ದಿನಗಟ್ಟಲೆ ಕೂತು, ಸೀಸದ ತುಂಡಿಗೆ ನುಣುಪಾದ ಪುಡಿ ಹಚ್ಚಿ, ಹಿಂದೆ ಮುಂದೆ ಎಳೆದೆಳೆದು ಇದನ್ನು ತೀಡಿದ್ದ. ಮೂವತ್ತು ವರ್ಷದಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ. ಕೂಗಿ ಯಾರಿಗಾದರೂ ತೋರಿಸಬೇಕೆನಿಸಿತು. ಅಂಗಡಿಯಲ್ಲಿ ಗೋಡೆಗೆ ಒರಗಿಸಿದ ಕೋವಿಗಳು ಬಿಟ್ಟರೆ ಯಾರೂ ಇರಲಿಲ್ಲ.

ಕಣ್ಣಿಗೆ ತಪ್ಪು ಕಾಣಲಿಲ್ಲ. ಇನ್ನು ಕೈಗೆ ಕೇಳಬೇಕು. ಮೆತ್ತನೆಯ ಸೀಸದ ಗುಂಡೊಂದನ್ನು ಎಣ್ಣೆಯಲ್ಲಿ ಅದ್ದಿ ಕಂಪನಿಯ ನಳಿಗೆಯ ಹಿಂಬದಿಯಿಂದ ಒಳಗೆ ಕೂರಿಸಿ, ಉದ್ದ ಸಲಾಕೆಯಿಂದ ಮೆಲ್ಲಗೆ ದೂಡಿದಳು. ಗುಂಡು ಒಂದು ಕಡೆ ಸರಾಗ ಹೋಯಿತು, ಇನ್ನೊಂದು ಕಡೆ ಹಿಡಿಯಿತು, ಕಲ್ಲು ರಸ್ತೆಯಲ್ಲಿ ಚಕ್ಕಡಿ ಹೋದ ಹಾಗೆ. ತುದಿಯ ಹತ್ತಿರ ಮಾತ್ರ ತುಸು ಬಿಗಿಯಾಗಿ, ಬಿಗಿಯಾಗಿಯೇ ಹೊರಬಿತ್ತು. ಆಮೇಲೆ ಇನ್ನೊಂದು ಗುಂಡು, ಮಾಡಿಸಿದ ನಳಿಗೆಗೆ. ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಸಲಾಕೆ ಸರಿಯಿತು. ಒಂದೇ ಬಿಗಿ, ಒಂದೇ ಸಮ. ಮೊಳ, ಗೇಣು, ಚೋಟು. ಕೊನೆಗೆ ಎರಡು ಬೆರಳು ಉಳಿದಾಗ ಸಲಾಕೆ ಒಮ್ಮೆಲೇ ಹಗುರಾಯಿತು. ಗುಂಡು ತಾನಾಗಿಯೇ ಜಾರಿ ಕೆಳಗಿನ ಬಟ್ಟೆಯ ಮೇಲೆ ಬಿತ್ತು.

ಅವಳು ಹೊಸ ಗುಂಡು ತೆಗೆದುಕೊಂಡು ಮತ್ತೆ ಮಾಡಿದಳು. ಮೂರನೇ ಸಲವೂ ಮಾಡಿದಳು. ಮೂರು ಸಲವೂ ಅಲ್ಲೇ ಹಗುರಾಯಿತು. ಗುಂಡನ್ನು ಕೈಹಿಡಿದು ಹೊಸ್ತಿಲವರೆಗೆ ತಂದು, ಹೊಸ್ತಿಲಲ್ಲಿ ಕೈಬಿಟ್ಟ ಹಾಗೆ. ಹೊರಬೀಳುವ ಗಳಿಗೆಯಲ್ಲಿ ಹಿಡಿತವಿಲ್ಲದ ಗುಂಡು ಎಲ್ಲಿಗಾದರೂ ಹೋದೀತು. ಹುಡುಗಿಯ ಉಸಿರಿನದೇನು ತಪ್ಪು?

ರವೀಂದ್ರ ಬಂದ ಮೇಲೆ ಅವಳು ಹೇಳಿದಳು. ಅವನು ಕೇಳುತ್ತ ಕೇಳುತ್ತ ಒರೆಸುತ್ತಿದ್ದ ಕೈಯನ್ನು ಮತ್ತೆ ಒರೆಸಿದ.

"ಅಕ್ಕಾರ, ನಾ ಇಪ್ಪತ್ತು ವರ್ಷದಿಂದ ಲೇತ್ ತಿರುಗಸ್ತೀನಿ."

"ಹೌದಪ್ಪಾ. ನಿನ್ನ ಕೈ ಕೆಟ್ಟೈತಿ ಅಂತ ನಾ ಅನ್ನಂಗಿಲ್ಲ. ಸಣ್ಣ ನಳಿಗಿ ಬ್ಯಾರೆ. ದೊಡ್ಡ ಕೋವಿಗೆ ನಡದದ್ದು ಇದಕ್ಕ ನಡ್ಯಂಗಿಲ್ಲ."

"ಫಾರಿನ್ ಮಾಲು, ಅದರಾಗಽ ದೋಷ ಇದ್ದಿರಬೇಕು. ಕಂಪನೀದ ಚಲೋ ಐತಿ, ಅದನ್ನ ಹಾಕ್ಕೊಳ್ರಿ ಅಂತ ಹೇಳಿ ಕಳಸೂಣು. ಸುಳ್ಳೇನಲ್ಲಲ್ಲ? ಈಗ ಅದು ಇದಕ್ಕಿಂತ ಚಲೋನಽ ಹೊಡೀತೈತಿ."

ಸುಳ್ಳಲ್ಲ, ನಿಜ. ಆ ಸಂಜೆ ಕೋಣೆಗೆ ಹೋಗಿ ರೊಟ್ಟಿ ತಟ್ಟುವಾಗಲೂ ಅವಳು ಅದನ್ನೇ ಯೋಚಿಸಿದಳು. ಮಾತು ಸುಳ್ಳಲ್ಲ, ಆದರೆ ಹುಡುಗಿ ಕೇಳಿದ್ದು ಬರೀ ನಳಿಗೆಯ ವಿಚಾರವಾಗಿರಲಿಲ್ಲ. ನಾನೇ ಸರಿ ಇಲ್ವಾ ಎಂದೂ ಕೇಳಿದ್ದಳು.

ಮೂರನೇ ದಿನ ಅಪ್ಪ ಮಗಳು ಬಂದರು. ರವೀಂದ್ರ ಎರಡೂ ನಳಿಗೆ ಮೇಜಿನ ಮೇಲಿಟ್ಟು ಶುರು ಮಾಡಿದ. "ನೋಡ್ರಿ, ಹೇಳಿ ಮಾಡ್ಸಿದ್ದು ಅಂದಕೂಡಲೆ ಚಲೋ ಇರಬೇಕಂತ ಏನಿಲ್ಲ. ಅಲ್ಲೆಲ್ಲೋ ಕುಂತು ಮಾಡಿ ಕಳಸ್ತಾರ, ನಾವು ನಂಬತೀವಿ. ಕಂಪನೀದು..."

"ಆ ನಳಿಗೀದು ತಪ್ಪಿಲ್ಲವ್ವಾ," ಎಂದಳು ಗಂಗಾಂಬಿಕಾ.

ಎಲ್ಲರೂ ಕಿಟಕಿಯತ್ತ ತಿರುಗಿದರು. ಅವಳು ಅಲ್ಲಿ ಕೂತಿದ್ದಾಳೆಂಬುದೇ ಅಪ್ಪ ಮಗಳಿಗೆ ಆಗ ಕಂಡಂತಿತ್ತು.

"ಮಾಡಿದಾತ ದೇವರಂಥಾ ಕೆಲಸಗಾರ. ಸೈಟ್ ಕೂಡಸೂ ಮುಂದ ಅದರ ತುದಿ ಲೇತಿಗೆ ಹಾಕಿದ್ದು ನಾವು. ಹೊರಗ ಹೆರದ್ವಿ, ಒಳಗ ಸಡಿಲಾತು. ನಾ ಇಲ್ಲೇ ಕುಂತಿದ್ದೆ. ನನಗ ಗೊತ್ತಿತ್ತು. ಬ್ಯಾಡ ಅನ್ನಬೇಕಾಗಿತ್ತು, ಅನ್ನಲಿಲ್ಲ." ಅವಳು ಸ್ಟೂಲಿನಿಂದ ಎದ್ದು ನಿಂತಳು. "ನಿನ್ನ ಉಸುರು ಸರಿ ಐತಿ. ಒಂಬತ್ತು ಗುಂಡು ಒಂದ ಕಡೆ ಹೊಡಿಯಾಕಿ ನೀ, ಹತ್ತನೇದು ನಿಂದಲ್ಲ."

ಅನುಶ್ರೀ ಮೇಜಿನ ಮೇಲಿದ್ದ ನಳಿಗೆಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಅವಳ ಕಣ್ಣು ತುಂಬಿತು. ಅದು ಸಮಾಧಾನದ ನೀರಲ್ಲ, ಸಿಟ್ಟಿನದು. "ಒಂದು ವರ್ಷ!" ಎಂದಳು. "ಒಂದು ವರ್ಷ ನಾ ನನ್ನ ಕೈ ಬೈದೆ, ಕಣ್ಣು ಬೈದೆ. ನೀವು ಇಲ್ಲೇ ಕೂತಿದ್ರಿ. ನಿಮಗೆ ಗೊತ್ತಿತ್ತು!"

ಆ ಮಾತು ರವೀಂದ್ರನಿಗಲ್ಲ, ಗಂಗಾಂಬಿಕಾಳಿಗೇ ಹೇಳಿದ್ದು. ಮಾಸ್ತಿ ನಾಯ್ಕರು, "ತಡಿ ಮಾರಾಯ್ತಿ, ತಡಿ," ಎನ್ನುತ್ತಿದ್ದಂತೆಯೇ ಹುಡುಗಿ ಎಲ್ಲ ಪೆಟ್ಟಿಗೆಗೆ ತುಂಬಿಕೊಂಡು ಹೊರಟುಹೋದಳು.

ಆಮೇಲಿನ ಎರಡು ವಾರ ರವೀಂದ್ರ ಅವಳ ಜೊತೆ ಮಾತಾಡಲಿಲ್ಲ. ಬರಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವಳು ಬೆಳಿಗ್ಗೆ ಹತ್ತಕ್ಕೆ ಬಂದು ಕೂರುತ್ತಿದ್ದಳು. ಅವನು ತುಕ್ಕು ಹಿಡಿದ ಕೋವಿಗಳನ್ನು ತಾನೇ ನೋಡಿ ತಾನೇ ಒರೆಸಿ ಇಡುತ್ತಿದ್ದ. ಹನ್ನೊಂದಕ್ಕೆ ಚಹಾ ತರಿಸಿದರೆ ಅವಳ ಲೋಟ ಮಾತ್ರ ತಪ್ಪದೆ ಸ್ಟೂಲಿನ ಪಕ್ಕಕ್ಕೆ ಬರುತ್ತಿತ್ತು. ಆ ಲೋಟ ಇಡುವಾಗಲೂ ಅವನ ಮುಖ ಬೇರೆ ಕಡೆ. ಅವಳಿಗೆ ಮಾತಿಲ್ಲದೆ ಇರುವುದು ಹೊಸದಲ್ಲ, ತನ್ನ ಕೋಣೆಯಲ್ಲಿ ದಿನವೆಲ್ಲ ಇರುತ್ತಿದ್ದಳು. ಆದರೆ ಇನ್ನೊಬ್ಬರ ಎದುರು ಕೂತು ಮಾತಿಲ್ಲದೆ ಇರುವುದು ಕೋಣೆಗಿಂತ ದೊಡ್ಡ ಒಂಟಿತನ ಎಂದು ಆಗ ತಿಳಿಯಿತು. ಹೋಗುವುದನ್ನು ನಿಲ್ಲಿಸಿಬಿಡೋಣ ಎಂದು ಎರಡು ಸಲ ಅಂದುಕೊಂಡಳು. ಹತ್ತು ಗಂಟೆಯಾಗುತ್ತಲೇ ಕಾಲು ತಾನಾಗಿ ಹೊರಡುತ್ತಿತ್ತು.

ಹದಿನೈದನೇ ದಿನ ಅನುಶ್ರೀ ಒಬ್ಬಳೇ ಬಂದಳು. ಬಾಗಿಲಲ್ಲೇ ನಿಂತು, ನೆಟ್ಟಗೆ ಗಂಗಾಂಬಿಕಾಳನ್ನೇ ಕೇಳಿದಳು. "ಅಮ್ಮಾ, ಇದಕ್ಕೆ ಮದ್ದು ಉಂಟಾ?"

"ಉಂಟವ್ವಾ. ಆ ಎರಡು ಬೆರಳು ಕಡದು ಒಗದ್ರ ಮುಗೀತು. ಉಳಿದದ್ದೆಲ್ಲಾ ಬಂಗಾರ."

"ಯಾರು ಕಡೀತಾರೆ?"

ಗಂಗಾಂಬಿಕಾ ರವೀಂದ್ರನ ಕಡೆ ನೋಡಿದಳು. ಅವನು ತಲೆ ಅಲ್ಲಾಡಿಸಿದ. "ನನ್ನ ಕೈ ಬ್ಯಾಡ್ರಿ. ಒಮ್ಮೆ ಕೆಡಿಸೀನಲ್ಲ, ಸಾಕು."

"ನೀನಽ ಮಾಡಬೇಕು," ಎಂದಳು ಗಂಗಾಂಬಿಕಾ. "ನಿನ್ನಂಗ ಲೇತ್ ಹಿಡಿಯವರು ಈ ಕಡೆ ಯಾರದಾರ? ನಾ ಬಾಜೂಕ ನಿಂದರತೀನಿ. ಸೈಟಿಗೆ ಬ್ಯಾರೆ ದೊಡ್ಡ ಬಳಿ ಮಾಡು. ಉಂಗುರ ಸಣ್ಣದಾತು ಅಂತ ಯಾರರೆ ಬೆರಳು ಹೆರೀತಾರೇನಪ್ಪಾ?"

ರವೀಂದ್ರನಿಗೆ ನಗು ಬಂತು. ಬೇಡವೆಂದರೂ ಬಂದ ನಗು. ಎರಡು ವಾರದ ನಂತರ ಅವನು ಅವಳ ಮುಖ ನೋಡಿದ. "ಆತ್ರಿ. ನೀವು ಹೇಳಿದಂಗ," ಎಂದ.

ಆ ಕೆಲಸಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಎಲ್ಲಿ ಕಡಿಯಬೇಕೆಂದು ಅವಳು ಸಲಾಕೆಯಿಂದ ಮತ್ತೆ ಮೂರು ಸಲ ದೂಡಿ ನೋಡಿ, ಸೀಮೆಸುಣ್ಣದಿಂದ ಗೆರೆ ಹಾಕಿದಳು. ಅನುಮಾನಕ್ಕೆಂದು ಒಂದು ಕಡಲೆಕಾಳಿನಷ್ಟು ಒಳಕ್ಕೇ ಹಾಕಿದಳು. ಅವನು ಲೇತನ್ನು ಅತಿ ನಿಧಾನಕ್ಕಿಟ್ಟು, ಎಣ್ಣೆ ಹನಿಸುತ್ತ, ತುದಿಯನ್ನು ಕಡಿದು, ಬಾಯಿಯ ಅಂಚನ್ನು ಸುತ್ತ ಒಂದೇ ಸಮ ಮಾಡಿದ. ಗುಂಡಿನ ಬಾಲ ಕಟ್ಟಕಡೆಗೆ ಬಿಡುವುದು ಆ ಅಂಚನ್ನೇ. ಅದು ಒಂದು ಕಡೆ ಎತ್ತರ ಒಂದು ಕಡೆ ತಗ್ಗು ಇದ್ದರೆ ಎಲ್ಲ ವ್ಯರ್ಥ. ಮುಗಿದ ಮೇಲೆ ಅವಳು ಸೀಸದ ಗುಂಡು ಹಾಕಿ ದೂಡಿದಳು. ಒಂದೇ ಬಿಗಿಯಲ್ಲಿ ಬಂದು, ಅದೇ ಬಿಗಿಯಲ್ಲಿ ಹೊರಬಿತ್ತು. ಅವಳು ಸಲಾಕೆಯನ್ನು ರವೀಂದ್ರನ ಕೈಗೆ ಕೊಟ್ಟಳು. "ನೀ ದೂಡು." ಅವನು ದೂಡಿದ. ಆಮೇಲೆ ಕಡಿದು ಬಿದ್ದ ತುಂಡನ್ನೂ, ಉಳಿದ ನಳಿಗೆಯನ್ನೂ ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತುಬಿಟ್ಟ.

ಒಂದು ಭಾನುವಾರ ಎಲ್ಲರೂ ಮಾಸ್ತಿ ನಾಯ್ಕರ ಓಮ್ನಿಯಲ್ಲಿ ಹುಬ್ಬಳ್ಳಿ ಕಡೆಯ ಕ್ಲಬ್ಬಿನ ಗುರಿ ಹೊಡೆಯುವ ರೇಂಜಿಗೆ ಹೋದರು. ಗಂಗಾಂಬಿಕಾಳನ್ನು ಬರಬೇಕೆಂದು ಅನುಶ್ರೀಯೇ ಕರೆದಿದ್ದಳು. ಮೂವತ್ತು ವರ್ಷ ನಳಿಗೆ ನೋಡಿದವಳು ಒಂದು ಗುಂಡು ಹಾರಿದ್ದನ್ನೂ ಹತ್ತಿರದಿಂದ ಕಂಡಿರಲಿಲ್ಲ. ಕಾರ್ಖಾನೆಯಲ್ಲಿ ಹೊಡೆದು ನೋಡುವ ಜಾಗ ಬೇರೆ ಕಾಂಪೌಂಡಿನಲ್ಲಿತ್ತು, ಅಲ್ಲಿಗೆ ಇವರಿಗೆ ಪ್ರವೇಶವಿರಲಿಲ್ಲ. ಡಬ್ ಡಬ್ ಎಂಬ ಸದ್ದು ಮಾತ್ರ ಗೋಡೆಯಾಚೆಯಿಂದ ಕೇಳುತ್ತಿತ್ತು.

ಒಂದೇ ಪೆಟ್ಟಿಗೆಯ ತೋಟಾ, ಒಂದೇ ಚಾಪೆ, ಒಂದೇ ಹೊತ್ತು. ಗಾಳಿ ಇರಲಿಲ್ಲ. ಮೊದಲು ಕಂಪನಿಯ ನಳಿಗೆಯಲ್ಲಿ ಹತ್ತು ಹತ್ತರಂತೆ ಐದು ಕಾಗದ ಹೊಡೆದಳು ಅನುಶ್ರೀ. ರವೀಂದ್ರ ಅಲ್ಲೇ ಸ್ಕ್ರೂ ಸಡಿಲಿಸಿ ನಳಿಗೆ ಬದಲಿಸಿದ. ಕೆಲವು ಗುಂಡು ಸುಮ್ಮನೆ ಹೊಡೆದು ನಳಿಗೆ ಹದಕ್ಕೆ ಬಂದ ಮೇಲೆ ಮತ್ತೆ ಐದು ಕಾಗದ. ಹತ್ತೂ ಕಾಗದಗಳನ್ನು ಕಟ್ಟೆಯ ಮೇಲೆ ಸಾಲಾಗಿ ಹಾಸಿದರು.

ಕಂಪನಿಯ ನಳಿಗೆಯ ಹತ್ತು ತೂತು ಒಂದು ಸುಲಿದ ಅಡಿಕೆಯ ಅಗಲದಲ್ಲಿದ್ದವು. ಐದು ಕಾಗದದಲ್ಲೂ ಹೆಚ್ಚು ಕಮ್ಮಿ ಅಷ್ಟೇ. ಕೆಟ್ಟದ್ದೇನಲ್ಲ. ಮಾಡಿಸಿದ ನಳಿಗೆಯದು ಹತ್ತು ತೂತೂ ಸೇರಿ ಒಂದೇ ತೂತಾಗಿತ್ತು. ಮಾಸ್ತಿ ನಾಯ್ಕರು ದಾರಿಯಲ್ಲಿ ಬಿದ್ದಿದ್ದ ಒಂದು ಹುಣಸೆ ಬೀಜ ತಂದು ಅದರ ಮೇಲಿಟ್ಟರು. ಬೀಜದ ಕೆಳಗೆ ತೂತು ಮುಚ್ಚಿಹೋಯಿತು.

"ಎಂತದು ಮಾರಾಯ್ರೆ ಇದು," ಎಂದರು ಅವರು.

ಅನುಶ್ರೀ ಕಾಗದ ಹಿಡಿದು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಗಂಗಾಂಬಿಕಾಳ ಕೈ ಹಿಡಿದು, "ಅವತ್ತು ನಿಮಗೆ ಅಂದದ್ದು ಮನಸಿಗೆ ಹಚ್ಚಿಕೊಳ್ಳಬೇಡಿ ಅಮ್ಮಾ," ಎಂದಳು. "ಬನ್ನಿ, ನೀವೊಂದು ಹೊಡೀರಿ."

"ಬ್ಯಾಡವ್ವಾ. ನಾ ನೋಡಾಕಿ."

"ಒಂದೇ ಒಂದು."

ಅರವತ್ತಮೂರು ವರ್ಷದ ಮೊಣಕಾಲನ್ನು ಮಡಚಿ ಅವಳು ಚಾಪೆಯ ಮೇಲೆ ಮಲಗಿದಳು. ಸೀರೆ ಸರಿಮಾಡಿಕೊಂಡಳು. ಹುಡುಗಿ ರೈಫಲ್ಲನ್ನು ಅವಳ ಭುಜಕ್ಕೆ ಕೂರಿಸಿ, ಬೆರಳು ಎಲ್ಲಿಡಬೇಕೆಂದು ತೋರಿಸಿದಳು. ಸದ್ದು ಅವಳು ಅಂದುಕೊಂಡಿದ್ದಕ್ಕಿಂತ ಸಣ್ಣದಿತ್ತು. ಗುಂಡು ಕಾಗದಕ್ಕೆ ತಾಗಲೇ ಇಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಅವಳೂ ನಕ್ಕಳು, ಆದರೆ ಮನಸ್ಸು ಎಲ್ಲೋ ಇತ್ತು. ಇಷ್ಟು ಸಣ್ಣ ಸದ್ದಿಗೆ, ಕಣ್ಮುಚ್ಚಿ ತೆಗೆಯುವುದರೊಳಗೆ ಆಗಿಹೋಗುವ ಇಷ್ಟಕ್ಕೆ, ತಾನು ಮೂವತ್ತು ವರ್ಷ ಕಿಟಕಿಯೆದುರು ಕೂತಿದ್ದೆ. ಆನಂದನಿದ್ದಿದ್ದರೆ ಅವನಿಗಾದರೂ ಹೇಳಬಹುದಿತ್ತು.

ವಾಪಸು ಬರುವಾಗ ಅಪ್ಪ ಮಗಳು ಮುಂದಿನ ಸ್ಪರ್ಧೆಯ ಮಾತಾಡುತ್ತ ಬಂದರು. ರವೀಂದ್ರ ಕತ್ತು ವಾಲಿಸಿ ನಿದ್ದೆ ಮಾಡಿದ. ಯಲ್ಲಾಪುರ ನಾಕಾದಲ್ಲಿ ಅವಳನ್ನು ಇಳಿಸಿ, ಕೈಬೀಸಿ ಓಮ್ನಿ ಹೊರಟುಹೋಯಿತು.

ಕೋಣೆಗೆ ಬಂದವಳಿಗೆ ಕೂರಲಾಗಲಿಲ್ಲ. ಫೋನು ತೆಗೆದು ವಿನೋದಾಳ ನಂಬರು ಹಚ್ಚಿದಳು. ಮೂರು ವರ್ಷದಿಂದ ಮಾತಾಡಿರಲಿಲ್ಲ. ವಿನೋದಾ ಎತ್ತಿದಳು, ದನಿ ಕೇಳಿ ಖುಷಿಪಟ್ಟಳು, ಅದೇ ಹಳೆಯ ಹಿಂದಿಯಲ್ಲಿ ಮೊಣಕಾಲಿನ ಆಪರೇಶನ್ನು, ಸೊಸೆಯ ಬಾಣಂತನ, ಮೊಮ್ಮಗಳ ಹೆಸರು ಎಲ್ಲ ಹೇಳಿದಳು. ಸಂದು ನೋಡಿ ಗಂಗಾಂಬಿಕಾ ನಳಿಗೆಯ ಮಾತು ತೆಗೆದಳು. ತುದಿಯಲ್ಲಿ ಸಲಾಕೆ ಹೇಗೆ ಹಗುರಾಯಿತು, ಕಡಿದ ಮೇಲೆ ಹೇಗೆ ಬಿಗಿ ಬಂತು. ಅರ್ಧಕ್ಕೇ ವಿನೋದಾ ನಕ್ಕುಬಿಟ್ಟಳು. ಇನ್ನೂ ಅದನ್ನೇ ನೋಡ್ತಾ ಕೂತಿದೀಯೇನೇ ಹುಚ್ಚಿ, ನಾನು ಗೇಟು ದಾಟಿದ ದಿನವೇ ಎಲ್ಲ ಮರೆತೆ, ಎಂದಳು. ಆ ಕಡೆ ಮಗು ಅತ್ತಿತು. ಆಮೇಲೆ ಮಾಡ್ತೀನಿ ಎಂದು ಫೋನಿಟ್ಟಳು.

ಗಂಗಾಂಬಿಕಾ ಆ ಸಂಜೆ ಅಡುಗೆ ಮಾಡಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಬೀದಿ ನೋಡುತ್ತ ಕೂತಳು. ವಿನೋದಾಳ ಮೇಲೆ ಸಿಟ್ಟು ಬರಲಿಲ್ಲ. ಮರೆಯುವುದಕ್ಕೆ ಅವಳ ಹತ್ತಿರ ಮನೆ ತುಂಬ ಕಾರಣಗಳಿದ್ದವು. ತನ್ನ ಹತ್ತಿರ ಇದೊಂದೇ ಇತ್ತು. ಇದನ್ನೂ ಮರೆತರೆ, ಆ ಊರಿನಲ್ಲಿ ತಾನು ಇದ್ದೆ ಎಂಬುದಕ್ಕೆ ಗುರುತೇನು ಉಳಿದೀತು?

ಚಳಿಗಾಲದಲ್ಲಿ ಅನುಶ್ರೀ ಆಯ್ಕೆಯಾದಳು. ತಂಡದ ಜೊತೆ ದೂರದ ಊರಿಗೆ ತರಬೇತಿಗೆ ಹೋದಳು. ಮೊದಲ ತಿಂಗಳು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು, ಆಮೇಲೆ ಹಬ್ಬಕ್ಕೊಂದು ಸಲ. ಅದು ಹಾಗೆಯೇ ಆಗಬೇಕಾದ್ದು ಎಂದು ಗಂಗಾಂಬಿಕಾಳಿಗೆ ಗೊತ್ತಿತ್ತು.

ಅಂಗಡಿಯಲ್ಲಿ ಒಂದು ಬದಲಾವಣೆಯಾಗಿತ್ತು. ಯಾವ ನಳಿಗೆಯನ್ನೂ ಅವಳು ನೋಡದೆ ರವೀಂದ್ರ ಲೇತಿಗೆ ಹಾಕುತ್ತಿರಲಿಲ್ಲ. ಒಮ್ಮೆ ಯಲ್ಲಾಪುರದಿಂದ ಬಂದ ಒಬ್ಬ ಗಿರಾಕಿ ಅವಸರ ಮಾಡಿ, "ಎಂತ ನೋಡೂದಿದೆ ಅದರಲ್ಲಿ? ತೂತು ತಾನೆ?" ಎಂದ.

"ಅದನ್ನ ನೋಡಾಕ ಇವರು ಮೂವತ್ತು ವರ್ಷ ಕಲ್ತಾರ್ರಿ," ಎಂದ ರವೀಂದ್ರ. "ಏನ್ ಕಾಣ್ತದಂತ ನೀವಽ ಕೇಳ್ರಿ ಅವರನ್ನ."

ಗಿರಾಕಿ ಸಂಕೋಚದಿಂದ ಅವಳ ಕಡೆ ತಿರುಗಿದ. "ಎಂತ ಕಾಣ್ತದೆ ಅಮ್ಮಾ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಿ ಗಂಗಾಂಬಿಕಾಳಿಗೆ ಅಭ್ಯಾಸವೇ ಇರಲಿಲ್ಲ. ಸ್ಟೂಲು ಸರಿಸಿ ಅವನಿಗೆ ಜಾಗ ಮಾಡಿ, ನಳಿಗೆಯನ್ನು ಬೆಳಕಿಗೆ ಹಿಡಿದಳು. "ಒಂದು ಕಣ್ಣು ಮುಚ್ಚರಿ," ಎಂದಳು. "ಅವಸರ ಮಾಡಬ್ಯಾಡ್ರಿ. ಮೊದಲಿಗೆ ಏನೂ ಕಾಣಂಗಿಲ್ಲ."